ಖಾಲಿ ಕೊಂಬೆಯ ಮೆರ್ಲ್ ಆಂಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾರಂಡಿ ದಿಣ್ಣೆಯ ಮೇಲೆ, ಸುಟ್ಟು ನಿಂತ ಗಾಳಿಮರವೊಂದರ ಬುಡದಲ್ಲಿ ಮೆರ್ಲ್ ಹ್ಯಾಡ್ಲಿ ಮಂಡಿಯೂರಿ ಕೂತು, ಸವೆದ ಅಡುಗೆ ಚಾಕುವಿನಿಂದ ಇದ್ದಿಲು ಕೆರೆಯುತ್ತಿದ್ದಾರೆ. ಕೆರೆದದ್ದನ್ನು ಅಂಗೈ ಮೇಲೆ ಉಜ್ಜುತ್ತಾರೆ, ಮೂಸುತ್ತಾರೆ, ಸಮುದ್ರದ ಕಡೆಯಿಂದ ಬರುವ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಪ್ಪಿಗೆಯಾದರೆ ಕಾಫಿ ಡಬ್ಬಿಗೆ, ಇಲ್ಲದಿದ್ದರೆ ಪ್ಯಾಂಟಿಗೆ. ಪ್ಯಾಂಟು ನೋಡಿದರೆ ಒಪ್ಪಿಗೆಯಾಗದ್ದೇ ಹೆಚ್ಚು ಎಂದು ಯಾರಾದರೂ ಹೇಳಬಹುದು.

"ಇದು ಆ ಬೆಂಕೀದಲ್ಲ," ಎಂದು ಒಂದು ಮರವನ್ನು ಬಿಟ್ಟು ಮೇಲೇಳುತ್ತಾರೆ. "ಯಾರೋ ಟೂರಿಸ್ಟು ಮೊನ್ನೆ ಇಲ್ಲಿ ಸಾಸೇಜ್ ಸುಟ್ಕೊಂಡು ತಿಂದಿದಾನೆ. ಎಣ್ಣೆ ವಾಸ್ನೆ ಬರ್ತಿದೆ. ನನ್ಗೇನು ಮೂಗಿಲ್ವಾ?"

ಮೆರ್ಲ್ ಆಂಟಿಗೆ ಎಲ್ಲದರ ಮೇಲೂ ಅನುಮಾನ. ಹವಾಮಾನ ಹೇಳುವವರ ಮೇಲೆ, ಹೊಸದಾಗಿ ಬಂದ ಅಂಚೆಯವನ ಮೇಲೆ, ತಣ್ಣಗೆ ನಗುವ ಡಾಕ್ಟರ ಮೇಲೆ. ಅವರ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದರೆ, "ಯಾರು ಹೇಳಿ ಕಳಿಸಿದ್ರು?" ಎಂಬುದೇ ಮೊದಲ ಪ್ರಶ್ನೆ. ನ್ಯೂ ಸೌತ್ ವೇಲ್ಸ್‌ನ ದಕ್ಷಿಣ ಕರಾವಳಿಯ ಈ ವಾರಂಡಿ ಎಂಬ, ಕೂರಿ ಮೂಲನಿವಾಸಿ ಜನರ ಪುಟ್ಟ ಊರಿನಲ್ಲಿ ಅವರನ್ನು ಪೂರ್ತಿ ನಂಬಿಸಿದವರು ಇಲ್ಲ. ಅವರ ಗಂಡ ಬದುಕಿದ್ದಾಗ, ಮದುವೆಯಾಗ್ತೀಯಾ ಎಂದು ಮೂರು ಸಲ ಕೇಳಬೇಕಾಯಿತು ಎಂದು ಹೇಳಿಕೊಂಡು ನಗುತ್ತಿದ್ದರಂತೆ.

ಬೆಳಗಿನ ಇದ್ದಿಲ ಕೆಲಸ ಮುಗಿಸಿ ಅವರು ಕ್ಯಾರವಾನ್ ಪಾರ್ಕಿನ ಲಾಂಡ್ರಿಗೆ ಹೋಗುತ್ತಾರೆ. ರಜೆಗೆ ಬಂದವರ ಬೆಡ್‌ಶೀಟು, ದಿಂಬಿನ ಕವರು, ಮರಳು ತುಂಬಿದ ಟವೆಲು ಒಗೆದು ಮಡಚುವುದು ಹೊಟ್ಟೆಪಾಡು. ಮಧ್ಯಾಹ್ನದ ಮೇಲೆ ಊರಿನ ಸಮುದಾಯ ಭವನದ ಹಿಂದಿನ ಶೆಡ್ಡಿನಲ್ಲಿ ಇನ್ನೊಂದು ಕೆಲಸ. ಇದಕ್ಕೆ ಸಂಬಳ ಇಲ್ಲ, ಬಿರುದು ಇಲ್ಲ, ಹೊರಗಿನವರಿಗೆ ಗೊತ್ತೂ ಇಲ್ಲ. ಬೆಂಕಿ ನುಂಗಿದ ಕಾಡಿನ ಜೀವಗಳಿಗಾಗಿ ಅವರು ಹಲಗೆ ಬರೆಯುತ್ತಾರೆ.

ಆರು ವರ್ಷದ ಹಿಂದಿನ ಆ ಕಾಡ್ಗಿಚ್ಚಿನ ಬೇಸಿಗೆಯನ್ನು ಊರು ಮರೆತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆಕಾಶ ಕಪ್ಪಾಗಿತ್ತು. ಇಡೀ ಊರು ಒದ್ದೆ ಕಂಬಳಿ ಹೊದ್ದು ಸಮುದ್ರದ ಮರಳಿನಲ್ಲಿ ಕೂತಿತ್ತು. ಮನೆಗಳು ಹೇಗೋ ಉಳಿದವು, ದಿಣ್ಣೆ ಉಳಿಯಲಿಲ್ಲ. ತಣ್ಣಗಾದ ಮೇಲೆ ಮೊದಲು ಮೇಲೆ ಹತ್ತಿದವರಲ್ಲಿ ಮೆರ್ಲ್ ಒಬ್ಬರು. "ನಾನು ಅಳ್ಲಿಲ್ಲ. ಅಳೋಕೆ ಶಬ್ದ ಬೇಕಲ್ಲ, ಅಲ್ಲಿ ಶಬ್ದಾನೇ ಇರ್ಲಿಲ್ಲ. ಒಂದು ಇರುವೆ ಇಲ್ಲ. ನನ್ ಬೂಟಿನ ಸದ್ದು ಕೇಳಿ ನಂಗೇ ಹೆದರಿಕೆ ಆಯ್ತು," ಎನ್ನುತ್ತಾರೆ.

ಮನೆಯಲ್ಲಿ ಯಾರಾದರೂ ತೀರಿಹೋದರೆ ಅವರ ಹೆಸರು ಹೇಳದೆ, ಅವರ ಚಿತ್ರ ತೋರಿಸದೆ ಕೆಲವು ಕಾಲ ಸುಮ್ಮನಿರುವುದು ಇಲ್ಲಿನ ಹಿರಿಯರ ಪದ್ಧತಿ. ಮನುಷ್ಯರಿಗಿದ್ದ ಆ ಮೌನವನ್ನು ಕಾಡಿನ ಜೀವಗಳಿಗೂ ತಂದವರು ಮೆರ್ಲ್. ಬೆಂಕಿಯ ನಂತರ ಅವರು ಗಟ್ಟಿ ಮರದ ಹಲಗೆಗಳನ್ನು ತಂದು, ಇದ್ದಿಲ ಪುಡಿಗೆ ಜಾಲಿಯ ಅಂಟು ಕಲಸಿ, ಸುಟ್ಟ ಕಾಡನ್ನು ಕಪ್ಪಗೆ ಬಳಿದರು. ಬಂಡೆ, ಕೊಂಬೆ, ಹೊಳೆ ಎಲ್ಲವೂ ಇವೆ, ಪ್ರಾಣಿ ಮಾತ್ರ ಇಲ್ಲ. ಅದು ಕೂರಬೇಕಾದ ಕಡೆ ಅದರದೇ ಆಕಾರದಲ್ಲಿ ಮರದ ಬರಿಮೈ ಬಿಟ್ಟಿದ್ದಾರೆ. ಉಡಕ್ಕೆ ಒಂದು ಹಲಗೆ, ಪುಟ್ಟ ಕಾಂಗರೂವಿನಂಥ ವಾಲಬಿಗೆ ಒಂದು, ಲೈರ್ ಹಕ್ಕಿಗೆ ಒಂದು, ಹೀಗೆ ಭವನದ ಗೋಡೆ ತುಂಬಿತು. ಹಲಗೆ ಖಾಲಿ ಇರುವಷ್ಟು ದಿನ ಆ ಜೀವದ ಹೆಸರನ್ನು ಊರಿನಲ್ಲಿ ಯಾರೂ ತಮ್ಮ ಭಾಷೆಯಲ್ಲಿ ಹೇಳುವಂತಿಲ್ಲ.

ಜೀವ ದಿಣ್ಣೆಗೆ ಮರಳಿದರೆ ಎಲ್ಲರೂ ಸೇರಿ, ಹಸಿ ಎಲೆಯ ಹೊಗೆ ಹಾಕಿ, ಅದರ ಹೆಸರನ್ನು ಜೋರಾಗಿ ಕೂಗುತ್ತಾರೆ. ಆಮೇಲೆ ಮೆರ್ಲ್ ಕಾದ ತಂತಿಯಿಂದ ಹಲಗೆಯ ಖಾಲಿ ಜಾಗದಲ್ಲಿ ಅದರ ರೂಪ ಸುಟ್ಟು ಬರೆಯುತ್ತಾರೆ. "ಬೆಂಕಿ ತಗೊಂಡು ಹೋಗಿದ್ದನ್ನ ಬೆಂಕಿ ಕೈಲೇ ವಾಪಸ್ ಇಡಿಸ್ತೀನಿ," ಎಂಬುದು ಅವರ ವಿವರಣೆ. ಆದರೆ ಮರಳಿತು ಎಂದು ಅವರನ್ನು ಒಪ್ಪಿಸುವುದು ಸುಲಭವಲ್ಲ. ವಾಲಬಿ ಬಂದಾಗ ಅದರ ಹಿಂದೆ ಅರ್ಧ ದಿನ ಅಲೆದು, ಹಿಕ್ಕೆ ಮುಟ್ಟಿ ಬಿಸಿಯಿದೆ ಎಂದು ಖಚಿತವಾದ ಮೇಲೇ ತಂತಿ ಕಾಯಿಸಿದರು.

ಒಂದೊಂದಾಗಿ ಹಲಗೆಗಳು ತುಂಬಿದವು. ಉಳಿದದ್ದು ಒಂದೇ, ಅದು ಹ್ಯಾಡ್ಲಿ ಮನೆತನದ ಸ್ವಂತ ಹಕ್ಕಿಯದು. ಪತ್ರಿಕೆಗಳು ಅದನ್ನು ಕೆಂಪು ಬಾಲದ ಕರಿ ಕಾಕಟೂ ಎನ್ನುತ್ತವೆ. ಗಿಳಿಯ ಜಾತಿ, ಕಾಗೆಗಿಂತ ದಪ್ಪ, ಗಾಳಿಮರದ ಕಾಯಿ ಬಿಟ್ಟು ಬೇರೇನನ್ನೂ ಮುಟ್ಟದ ಹಟಮಾರಿ. ಮರ ಸುಟ್ಟಾಗ ಅದರ ಅನ್ನವೇ ಸುಟ್ಟಿತು. ಹೊಸ ಸಸಿ ಬೆಳೆದು ಹೆಣ್ಣು ಮರ ಕಾಯಿ ಕಟ್ಟಲು ವರ್ಷಗಳು ಬೇಕು. ಮನೆತನದ ಹಕ್ಕಿ ಎಂದರೆ ಅಣ್ಣತಮ್ಮ ಇದ್ದ ಹಾಗೆ. ಅದನ್ನು ಕಾಯುವುದು ಅವರ ಪಾಲಿನ ಕೆಲಸ. ಒಂದೇ ಒಂದು ಸಲ ಬಿಟ್ಟರೆ ಅದರ ಹೆಸರು ಆರು ವರ್ಷದಿಂದ ಯಾರ ಬಾಯಲ್ಲೂ ಬಂದಿಲ್ಲ. ಬೆಂಕಿಯ ಬೇಸಿಗೆಯಲ್ಲಿ ಹುಟ್ಟಿದ ಮೆರ್ಲ್‌ರ ಮೊಮ್ಮಗಳು ಡಾಟಿಗೆ ತನ್ನದೇ ಹಕ್ಕಿಯ ಹೆಸರು ಗೊತ್ತಿಲ್ಲ. ಇದೇ ಮೆರ್ಲ್ ಆಂಟಿಯ ಎದೆಯೊಳಗಿನ ಮುಳ್ಳು. ಹಕ್ಕಿ ಸತ್ತಿದ್ದರೆ ಮೌನ ಸರಿ. ಎಲ್ಲೋ ಬದುಕಿದ್ದರೆ, ಬದುಕಿರುವವರಿಗೆ ತಿಥಿ ಮಾಡಿದ ಪಾಪ ಅವರ ತಲೆಯ ಮೇಲೆ. ಜೊತೆಗೆ ಒಂದು ಹೆಸರನ್ನು ಮಕ್ಕಳ ಬಾಯಿಂದ ಕಿತ್ತುಕೊಂಡ ಪಾಪ.

ಮೌನ ಮುರಿಯಲೂ ಭಯ, ಏಕೆಂದರೆ ಒಮ್ಮೆ ಮುರಿದು ಮುಖಭಂಗವಾಗಿದೆ. ಬೆಂಕಿಯಾದ ಮೂರನೇ ವರ್ಷ ಅವರ ತಮ್ಮ ಕ್ಲೈವ್ ಸಂಜೆ ಓಡಿ ಬಂದು, "ಅಕ್ಕಾ, ಬಂತು! ಬಾಲ ಕೆಂಪಗೆ ಇತ್ತು, ನನ್ ಕಣ್ಣಾಣೆ!" ಎಂದ. ಆ ಒಂದು ಸಲ ಮೆರ್ಲ್ ನಂಬಿದರು. ಅಳುತ್ತ ನಂಬಿದರು. ಊರೆಲ್ಲ ಹೆಸರು ಕೂಗಿತು, ಹಲಗೆಯಲ್ಲಿ ಹಕ್ಕಿ ಕೂತಿತು. ವಾರ ಕಳೆಯುವುದರೊಳಗೆ ಅದೇ ಹಕ್ಕಿ ನಡುಮಧ್ಯಾಹ್ನ ಊರ ಮೇಲೆ ಕಿರುಚುತ್ತ ಹಾರಿತು. ಹಳದಿ ಬಾಲ, ಹಳದಿ ಕೆನ್ನೆ. ಬೇರೆಯೇ ಜಾತಿ, ಎಲ್ಲ ಕಡೆ ಸಿಗುವಂಥದು. ಮುಳುಗುವ ಸೂರ್ಯನ ಬೆಳಕು ಅದರ ಬಾಲಕ್ಕೆ ಕೆಂಪು ಬಳಿದಿತ್ತು ಅಷ್ಟೆ.

ಮೆರ್ಲ್ ಉಳಿ ತೆಗೆದುಕೊಂಡು ಹಲಗೆಯಿಂದ ಹಕ್ಕಿಯನ್ನು ಕೆರೆದು ತೆಗೆದರು. "ಎರಡನೇ ಸಲ ಸಾಯಿಸಿದ ಹಾಗಾಯ್ತು," ಎನ್ನುವಾಗ ಅವರ ದನಿ ಇಳಿಯುತ್ತದೆ. ಅಲ್ಲಿಂದ ಕ್ಲೈವನ ಮಾತಿಗೆ ಊರಿನಲ್ಲಿ ಬೆಲೆ ಇಲ್ಲ. ಮೀನುಪೇಟೆಯಲ್ಲಿ ಅವನು ಮುಲೆಟ್ ಮೀನು ಹಿಡಿದೆನೆಂದರೂ ಹುಡುಗರು, "ಬಾಲ ಯಾವ ಬಣ್ಣ, ಅಂಕಲ್?" ಎಂದು ಕೆಣಕುತ್ತಾರೆ.

ಈ ವರ್ಷದ ಶುರುವಿನಲ್ಲಿ ಊರಿಗೆ ಇಮೋಜೆನ್ ಬಂದಳು. ನಗರದ ಗ್ಯಾಲರಿಯವಳು, ಒಳ್ಳೆ ಮಾತು, ಒಳ್ಳೆ ಬೂಟು. ಕರಾವಳಿಯ ಕಲಾವಿದರ ಕೆಲಸಗಳನ್ನು ಅವಳ ಗ್ಯಾಲರಿಗೆ ಸಾಗಿಸುವ ವ್ಯಾನ್ ಓಡಿಸುವವನು ಇದೇ ಕ್ಲೈವ್. ಇಮೋಜೆನ್ ಭವನದ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಕೊನೆಯ ಹಲಗೆಯ ಹತ್ತಿರ ಬಂದು ಕೇಳಿದಳು.

"ಮೆರ್ಲ್ ಅವರೇ, ಇದರಲ್ಲಿ ಹಕ್ಕಿ ಎಲ್ಲಿ?"

"ಅದನ್ನೇ ನಾನೂ ಕೇಳ್ತಿರೋದು."

"ಇಲ್ಲ, ನಮ್ಮ ಪ್ರದರ್ಶನದ ಹೆಸರು 'ಮರಳಿ ಬಂದವರು'. ಎಲ್ಲ ಹಲಗೆಗಳೂ ಬೇಕು. ಇದೊಂದು ಖಾಲಿ ಇದ್ದರೆ ಹೇಗೆ? ಕೆಂಪು ಬಾಲ ಕಂಡರೆ ಜನರ ಮನಸ್ಸು ಕರಗುತ್ತೆ. ಚಳಿಗಾಲ ಮುಗಿಯೋದರೊಳಗೆ ಬರೆದುಕೊಟ್ಟರೆ ನೀವು ಕೇಳಿದ ಬೆಲೆ."

"ನಿಮ್ಮೂರಲ್ಲಿ ಬೆಲೆ ಕೊಟ್ರೆ ಸತ್ತೋರು ಎದ್ದು ಬರ್ತಾರೇನಮ್ಮ?"

ಇಮೋಜೆನ್ ನಕ್ಕಳು, ಮೆರ್ಲ್ ನಗಲಿಲ್ಲ. ಹೋಗುವಾಗ ಅವಳು ವ್ಯಾನಿನ ಬಳಿ ನಿಂತು ಕ್ಲೈವನ ಜೊತೆ ಏನೋ ಮಾತಾಡಿದ್ದನ್ನು ಲಾಂಡ್ರಿಯ ಕಿಟಕಿಯಿಂದ ಮೆರ್ಲ್ ನೋಡಿದರು. ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡರು.

ಎರಡು ವಾರದ ಮೇಲೆ ಕ್ಲೈವ್ ಲಾಂಡ್ರಿಗೆ ಬಂದ. ಜೇಬಿನಿಂದ ಮುಷ್ಟಿ ತುಂಬ ಏನೋ ತೆಗೆದು ಆಗಷ್ಟೇ ಮಡಚಿಟ್ಟ ಬೆಡ್‌ಶೀಟಿನ ಮೇಲೆ ಸುರಿದ.

"ಲೋ! ಒಗೆದ ಬಟ್ಟೆ ಮೇಲೆ ಕಸ ಸುರೀತಿಯಲ್ಲೋ, ಕಣ್ಣು ಕಾಣಲ್ವಾ?"

"ಕಸ ಅಲ್ಲಕ್ಕ. ಸರಿಯಾಗಿ ನೋಡು."

ಗಾಳಿಮರದ ಕಾಯಿಗಳು, ಒಂದು ಪಕ್ಕದಿಂದ ಅಚ್ಚುಕಟ್ಟಾಗಿ ಕಡಿದು ಬೀಜ ತೆಗೆದವು. ಒಳಗೆ ಇನ್ನೂ ಬಿಳುಪಿತ್ತು, ಅಂದರೆ ಹೊಸತು. ಚಿಕ್ಕ ವಯಸ್ಸಿನಲ್ಲಿ ಅಜ್ಜಿಯ ಜೊತೆ ಹೋಗುವಾಗ ಕಾಲಡಿ ಇಂಥವೇ ಸಿಕ್ಕರೆ, ಕತ್ತೆತ್ತಬೇಡ, ಮೇಲೆ ನಮ್ಮವರು ಊಟ ಮಾಡ್ತಿದಾರೆ ಎಂದು ಅಜ್ಜಿ ಹೇಳುತ್ತಿದ್ದದ್ದು ಮೆರ್ಲ್‌ಗೆ ಕಿವಿಯಲ್ಲಿ ಕೇಳಿದಂತಾಯಿತು. ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದರು. ಮರುಕ್ಷಣವೇ ಬಾಯಿಗೆ ಬಂದದ್ದು ಬೇರೆ.

"ಇಕ್ಕಳದಲ್ಲಿ ಕಡಿದ್ಯೋ, ಹಲ್ಲಲ್ಲೋ?"

"ಹಲ್ಲಾ? ನಂಗೆ ಮೇಲಿನ ಹಲ್ಲೇ ಇಲ್ಲ, ನೋಡು." ಕ್ಲೈವ್ ಬಾಯಿ ತೆರೆದು ತೋರಿಸಿದ.

"ಹಾಗಾದ್ರೆ ಇಕ್ಕಳನೇ. ಆ ಗ್ಯಾಲರಿಯವಳು ಎಷ್ಟು ಕೊಡ್ತೀನಿ ಅಂದ್ಲು ನಿಂಗೆ?"

ಕ್ಲೈವನ ಬಾಯಿ ಮುಚ್ಚಿತು. ಅಕ್ಕ ಸೋಸಿಟ್ಟ ಟೀಯನ್ನು ಮುಟ್ಟಲಿಲ್ಲ. "ಹಳೇ ಕ್ವಾರಿ ಹಿಂದಿನ ಕಣಿವೇಲಿ ಸಿಕ್ತು. ಹೋಗಿ ನೋಡೋದಾದ್ರೆ ನೋಡು, ಇಲ್ಲಾಂದ್ರೆ ಬಿಡು," ಎಂದು ಹೊರಟುಹೋದ. ಮೆರ್ಲ್ ಅವನನ್ನು ಕರೆಯಲಿಲ್ಲ.

ಆ ಕಾಯಿಗಳನ್ನು ಅವರು ಎಸೆಯಲೂ ಇಲ್ಲ. ಏಪ್ರನ್ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಕೂತರು. ಒಂದು ಹಸಿ ಕಾಯಿಯನ್ನು ಇಕ್ಕಳದಲ್ಲಿ ಕಡಿದರು, ಗುರುತು ಬೇರೆ ಬಂತು. ತಂತಿ ಕತ್ತರಿಸುವ ಕತ್ತರಿಯಲ್ಲಿ ಕಡಿದರು, ಅದೂ ಬೇರೆ. ಆಲೂಗಡ್ಡೆ ಸಿಪ್ಪೆ ತೆಗೆಯುವ ಚಾಕು, ಬಾಟಲಿ ತೆಗೆಯುವ ಕೀಲಿ, ಕೊನೆಗೆ ಸ್ವಂತ ಹಲ್ಲು. ಸೊಸೆ ಬಂದು ನೋಡಿದಾಗ ಅಡುಗೆಮನೆಯ ಮೇಜಿನ ತುಂಬ ಕಾಯಿಚೂರು, ಮೆರ್ಲ್ ಆಂಟಿಯ ತುಟಿಯಲ್ಲಿ ರಕ್ತ.

"ಯಾವುದೂ ಹೊಂದ್ಲಿಲ್ಲ. ಆದ್ರೂ ಮನಸ್ಸು, ಅವನ ಹತ್ರ ನಿಂಗೆ ಗೊತ್ತಿಲ್ಲದ ಇನ್ಯಾವುದೋ ಉಪಕರಣ ಇರಬಹುದು ಅಂತಿತ್ತು," ಎಂದು ಈಗ ಅವರೇ ನಗುತ್ತಾರೆ. ನಗು ನಿಂತ ಮೇಲೆ ನಿಜ ಹೇಳುತ್ತಾರೆ. "ಅವನ ಮೇಲೆ ಅನುಮಾನ ಪಟ್ಟಿದ್ದು ಹೌದು. ಆದ್ರೆ ಹೆದರಿದ್ದು ನನ್ನ ಆಸೆಗೆ. ಇನ್ನೊಂದ್ಸಲ ಆ ಹಲಗೆ ಕೆರೆಯೋ ಶಕ್ತಿ ನಂಗಿರ್ಲಿಲ್ಲ."

ಹಲವು ದಿನ ತಡೆದರು. ಕಡೆಗೊಂದು ಬೆಳಿಗ್ಗೆ ಯಾರಿಗೂ ಹೇಳದೆ, ಬಟ್ಟೆಯಲ್ಲಿ ಡ್ಯಾಂಪರ್ ರೊಟ್ಟಿ ಕಟ್ಟಿಕೊಂಡು ಕ್ವಾರಿಯ ದಾರಿ ಹಿಡಿದರು. ಕಣಿವೆಯ ಬಾಯಲ್ಲೇ ಒದ್ದೆ ಮಣ್ಣಿನ ಮೇಲೆ ಬೂಟಿನ ಗುರುತು ಸಿಕ್ಕಿತು. ಬಲಗಾಲು ಎಳೆದು ಹಾಕಿದ ಗುರುತು. ಆ ಕಾಲು ಯಾರದೆಂದು ಅವರಿಗೆ ಯಾರೂ ಹೇಳಬೇಕಿಲ್ಲ. ತಮ್ಮ ಚಿಕ್ಕವನಿದ್ದಾಗ ದೋಣಿಯಿಂದ ಬಿದ್ದು ಮುರಿದುಕೊಂಡ ಕಾಲದು. ಗುರುತು ಒಂದಲ್ಲ, ಒಂದರ ಮೇಲೊಂದು, ನಿನ್ನೆಯದು, ಮೊನ್ನೆಯದು, ಈಗಷ್ಟೇ ಹೋದದ್ದು. ಮೆರ್ಲ್‌ರ ಮೈ ಉರಿಯಿತು. ದಿನಾ ಬಂದು ಕಾಯಿಚೂರು ಚೆಲ್ಲಿ ಹೋಗ್ತಿದಾನೆ ಕಳ್ಳ, ಇವತ್ತು ಕೈಯಾರೆ ಹಿಡೀತೀನಿ ಎಂದುಕೊಂಡು ಬೂಟು ಕಳಚಿ, ಕಾಲ್ಚೀಲದಲ್ಲೇ ನಡೆದರು.

ಬಿದ್ದ ಮರವೊಂದರ ಮರೆಯಲ್ಲಿ ಕ್ಲೈವ್ ಕಂಬಳಿ ಸುತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಫ್ಲಾಸ್ಕು. ಕೈ ಖಾಲಿ.

"ಸಿಕ್ಕಿಬಿದ್ಯಾ!"

ಕ್ಲೈವ್ ಬೆಚ್ಚಿಬಿದ್ದು, ತುಟಿಯ ಮೇಲೆ ಬೆರಳಿಟ್ಟ. ಆ ಬೆರಳನ್ನೇ ಮೇಲೆ ತೋರಿಸಿದ. ಅವನ ಹ್ಯಾಟಿನ ಮೇಲೆ, ಹೆಗಲ ಮೇಲೆ, ಕಂಬಳಿಯ ಮಡಿಕೆಯಲ್ಲಿ ಕಾಯಿಚೂರು ಬಿದ್ದಿತ್ತು. ಇನ್ನೂ ಬೀಳುತ್ತಿತ್ತು. ಮೇಲಿನಿಂದ ಕಟಕಟ ಸದ್ದು, ಯಾರೋ ಮುದುಕರು ನಿಧಾನವಾಗಿ ಹುರಿಗಾಳು ಅಗಿಯುವ ಹಾಗೆ. ಬೆಂಕಿ ದಾಟಿಹೋದ ಕಣಿವೆಯ ತಳದಲ್ಲಿ ಹೇಗೋ ಉಳಿದಿದ್ದ ಹೆಣ್ಣು ಗಾಳಿಮರವೊಂದರ ಸೂಜಿಯಂಥ ಎಲೆಯ ನಡುವೆ ಕರಿಯ ಮೈಯೊಂದು ಕೂತಿತ್ತು, ಬೆನ್ನು ಈ ಕಡೆ.

"ಯಾವುದೋ ಅದು?" ಮೆರ್ಲ್ ಪಿಸುಗುಟ್ಟಿದರು.

"ಗೊತ್ತಿಲ್ಲ."

"ಗೊತ್ತಿಲ್ವಾ? ಮತ್ತೆ ಆವತ್ತು..."

"ಆವತ್ತು ಕಾಯಿ ತಂದೆ. ಹಕ್ಕಿ ಅಂದ್ನಾ ನಾನು? ಹೋದ್ಸಲ ಬಾಯಿಗೆ ಬಂದಿದ್ದು ಹೇಳಿ ನಿನ್ ಹಲಗೆ ಹಾಳು ಮಾಡ್ದೆ. ಈ ಸಲ ಬಿಸಿಲಲ್ಲಿ ಬಾಲ ನೋಡೋವರೆಗೂ ತುಟಿ ಬಿಚ್ಚಬಾರ್ದು ಅಂತ ದಿನಾ ಬಂದು ಕೂತ್ಕೋತಿದೀನಿ. ಕತ್ತಲಿಗೆ ಬರುತ್ತೆ, ಬಿಸಿಲು ಬರೋದ್ರೊಳಗೆ ಹಾರುತ್ತೆ, ಹಾಳಾದ್ದು ಒಂದ್ಸಲನೂ ಬಾಲ ತೋರ್ಸಿಲ್ಲ."

ಮೆರ್ಲ್ ಕೈಯಲ್ಲಿದ್ದ ಬೂಟು ಕೆಳಗಿಟ್ಟರು. ತಮ್ಮನ ಪಕ್ಕ ಕೂತರು. ಅಷ್ಟು ವರ್ಷ ಊರು ಇವನನ್ನು ಕೆಣಕುವಾಗ ತಾವೂ ಸುಮ್ಮನೆ ನೋಡಿಕೊಂಡಿದ್ದುದು ನೆನಪಾಗಿ ನಾಚಿಕೆಯಾಯಿತು. ಡ್ಯಾಂಪರ್ ಮುರಿದು ದೊಡ್ಡ ತುಂಡನ್ನು ಅವನಿಗೆ ಕೊಟ್ಟರು.

"ಆವತ್ತು ನಾನಂದಿದ್ದು..."

"ಬಿಡಕ್ಕ. ಹಲ್ಲಿಲ್ಲ ನಂಗೆ, ಟೀಲಿ ಅದ್ದಿ ಕೊಡು."

ಬಿಸಿಲು ಮೆಲ್ಲಗೆ ಕಣಿವೆಗೆ ಇಳಿಯಿತು. ಅಂದು ಹಕ್ಕಿಗೆ ಯಾವ ಅವಸರವೂ ಇರಲಿಲ್ಲ. ಒಂದು ಕಾಯಿ ಮುಗಿಸಿ ಬೀಳಿಸಿತು, ಇನ್ನೊಂದಕ್ಕೆ ಕತ್ತು ಚಾಚಿತು, ಕೊಂಬೆ ಬಾಗಿತು. ಸರಿಯಾಗಿ ನಿಲ್ಲಲು ಅದು ಬಾಲ ಬಿಚ್ಚಿತು. ಕೆಂಡದಂಥ ಕೆಂಪು. ಕೆನ್ನೆಯಲ್ಲಿ ಹಳದಿ ಇಲ್ಲ, ಎಲ್ಲೂ ಇಲ್ಲ.

ಕ್ಲೈವ್ ಅಕ್ಕನ ಮುಖ ನೋಡಿದ. ಮೆರ್ಲ್‌ರ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಇದ್ದಿಲ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಕಪ್ಪಾಗಿತ್ತು. "ಇನ್ನೊಂದ್ಸಲ ಬಿಚ್ಚಲಿ," ಎಂದರು.

ಅದು ಬಿಚ್ಚಿತು. ಆಮೇಲೆ ಮರದ ಆ ಕಡೆಯಿಂದ ಇನ್ನೊಂದು ಹಕ್ಕಿ ಬಂದು ಪಕ್ಕದಲ್ಲಿ ಕೂತಿತು. ಅದಕ್ಕೂ ಮೆರ್ಲ್ ಬಾಲ ಬಿಚ್ಚುವವರೆಗೆ ಕಾದರು.

ಮಾರನೆಯ ಸಂಜೆ ಭವನದ ಅಂಗಳದಲ್ಲಿ ಊರು ಸೇರಿತು. ಹಸಿ ಎಲೆಯ ಹೊಗೆ ಎದ್ದಿತು. ಮೊದಲು ಕಂಡವರೇ ಮೊದಲು ಹೆಸರು ಹೇಳಬೇಕು. ಕ್ಲೈವ್ ಹಿಂದೆ ಸರಿದು, "ಬೇಡಕ್ಕ, ನೀನೇ ಹೇಳು, ನನ್ ಬಾಯಿ ಒಳ್ಳೇದಲ್ಲ," ಎಂದ. ಮೆರ್ಲ್ ಅವನ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದರು. ಅವನು ಹೇಳಿದ. ದನಿ ಒಡೆಯಿತು, ಆದರೂ ಹೇಳಿದ. ಆಮೇಲೆ ಇಡೀ ಊರು ವರ್ಷಗಟ್ಟಲೆ ನುಂಗಿಕೊಂಡಿದ್ದನ್ನು ಒಮ್ಮೆಲೇ ಕೂಗಿತು. ಮುದುಕರು ಕೂಗುತ್ತಲೇ ಅತ್ತರು. ಆ ಹೆಸರು ಇಲ್ಲಿ ಅಚ್ಚಾಗುವುದು ಬೇಡ ಎಂದಿದ್ದಾರೆ ಮೆರ್ಲ್. "ಬೇಕಿದ್ದೋರು ಬಂದು ಕೇಳ್ಲಿ. ಯಾಕೆ ಬೇಕು ಅಂತ ಮೊದ್ಲು ವಿಚಾರಿಸ್ತೀನಿ."

ಒಲೆಯಲ್ಲಿ ತಂತಿ ಕೆಂಪಗೆ ಕಾದಿತ್ತು. ಹಲಗೆ ತೊಡೆಯ ಮೇಲಿತ್ತು. ಮೆರ್ಲ್ ತಂತಿ ಎತ್ತಿದವರು ತಡೆದರು. ಎದುರಿಗೆ ಕೂತಿದ್ದ ಮೊಮ್ಮಗಳು ಡಾಟಿಯ ಬಾಯಿ ಬಿಗಿಯಾಗಿ ಮುಚ್ಚಿತ್ತು.

"ನೀನು ಕೂಗಿದ್ಯೇನೇ?"

ಹುಡುಗಿ ತಲೆಯಾಡಿಸಿದಳು, ಇಲ್ಲ.

"ಯಾಕೆ?"

"ಕ್ಲೈವ್ ಅಜ್ಜ ಹೋದ್ಸಲಾನೂ ಹೀಗೇ ಹೇಳಿದ್ರಂತೆ."

ಅಂಗಳ ಘೊಳ್ಳೆಂದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಕ್ಲೈವ್. "ಈ ಸಲ ನಿಮ್ಮಜ್ಜಿನೂ ನೋಡಿದಾರಲ್ಲಮ್ಮ," ಎಂದು ಯಾರೋ ಸಮಾಧಾನ ಹೇಳಿದರು.

"ನಾನು ನೋಡಿಲ್ವಲ್ಲ," ಎಂದಳು ಡಾಟಿ.

ಮೆರ್ಲ್ ಆಂಟಿ ತಂತಿಯನ್ನು ನೀರಿನ ಬಕೆಟ್ಟಿಗೆ ಅದ್ದಿದರು. ಚುಂಯ್ ಎಂದಿತು. ಬೇಯಿಸಿಟ್ಟ ಮೀನು ಆರುತ್ತಿದೆ, ಮಗುವಿನ ಮಾತಿಗೆ ಇಷ್ಟು ಬೆಲೆಯೇ ಎಂದು ನಾಲ್ಕು ಜನ ಗೊಣಗಿದರು. ಮೆರ್ಲ್ ಕಿವಿಗೆ ಹಾಕಿಕೊಳ್ಳಲಿಲ್ಲ. "ನಮ್ಮನೆ ಹುಡುಗಿ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ಇಮೋಜೆನ್ ಫೋನ್ ಮಾಡಿದ್ದಳು. ಹಲಗೆ ಕಳಿಸುವುದಿಲ್ಲ, ನೋಡಬೇಕಿದ್ದವರು ಇಲ್ಲಿಗೇ ಬರಲಿ ಎಂದಾಯಿತು. "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಅವಳು ಕೇಳಿದ್ದಕ್ಕೆ ಮೆರ್ಲ್ ಸರಳವಾಗಿ "ಇಲ್ಲ" ಎಂದಿದ್ದಾರೆ.

ಈಗ ಬೆಳಗಾಗುತ್ತಿದೆ. ಕಣಿವೆಯ ಮರದ ಕೆಳಗೆ ಅಜ್ಜಿ, ಮೊಮ್ಮಗಳು, ಸ್ವಲ್ಪ ದೂರದಲ್ಲಿ ಕ್ಲೈವ್. ಮೇಲೆ ಕಟಕಟ. ಡಾಟಿ ಕತ್ತೆತ್ತಿ, ಅಜ್ಜಿಯ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಬಾಲ ಬಿಚ್ಚುವವರೆಗೆ ನೋಡುತ್ತಾಳೆ. ಮೆರ್ಲ್ ಬಾಗಿ ಅವಳ ಕಿವಿಯಲ್ಲಿ, ಅಂದು ಊರು ಕೂಗಿದ ಅದೇ ಒಂದು ಪದ ಹೇಳುತ್ತಾರೆ. ಡಾಟಿ ಅದನ್ನು ಬಾಯಲ್ಲೇ ಒಂದೆರಡು ಸಲ ಹೊರಳಿಸಿ, ಆಮೇಲೆ ಎದ್ದು ನಿಂತು, ಇಡೀ ಕಣಿವೆ ಮೊಳಗುವಂತೆ ಕೂಗುತ್ತಾಳೆ. ಹಕ್ಕಿ ಅಗಿಯುವುದನ್ನು ನಿಲ್ಲಿಸುತ್ತದೆ. ಒಂದೇ ಕಣ್ಣಿನಿಂದ ಕೆಳಗೆ ದಿಟ್ಟಿಸುತ್ತದೆ, ಕೊಂಬೆಯ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

"ಅಜ್ಜಿ, ಅದಕ್ಕೆ ತನ್ನ ಹೆಸರು ಮರ್ತುಹೋಯ್ತಾ?"

"ಇಲ್ಲ ಕಣೇ, ಕೇಳಿಸ್ಕೊಂಡಿದೆ," ಎನ್ನುತ್ತಾರೆ ಮೆರ್ಲ್ ಆಂಟಿ. "ನಮ್ಮನ್ನ ಇನ್ನೂ ನಂಬ್ತಿಲ್ಲ, ಅಷ್ಟೆ. ನಮ್ಮ ಮನೆತನದ್ದಲ್ವಾ?"